ಮಣ್ಣು ಮುಚ್ಚಿದ ಕ್ಯಾಂಪ್‌ಫೈರ್ ಬೆಳಗ್ಗೆ ಮತ್ತೆ ಹೊಗೆಯಾಡಿದ್ದೇಕೆ?

ಹೋಮ್‌ಸ್ಟೇ ಅಂಗಳದಲ್ಲಿ ರಾತ್ರಿ ಮಣ್ಣು ಮುಚ್ಚಿ ಮಲಗಿದ ಕ್ಯಾಂಪ್‌ಫೈರ್ ಬೆಳಗ್ಗೆ ಹೊಗೆಯಾಡುತ್ತಿತ್ತು, ಮುಂದೆ ಚಿಕ್ಕಮಗಳೂರಿಗೆ ಹೋಗುವವರಿದ್ದೇವೆ ಅಂತ ಕೇಳಿದ್ದೀರಿ. ಮಣ್ಣು ಮುಚ್ಚಿದ್ದೇ ಕಾರಣ ಇರಬೇಕು. ಮಣ್ಣಿನಡಿ ಕೆಂಡ ಬೇಗ ಆರುವುದಿಲ್ಲ, ಗಂಟೆಗಟ್ಟಲೆ ಒಳಗೇ ಉರಿಯುತ್ತಿರುತ್ತದೆ, ಬೆಳಗ್ಗೆ ಗಾಳಿ ಬಂದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಪಕ್ಕದ ಮರದ ಬೇರಿಗೂ ಹತ್ತಿತ್ತೋ ಏನೋ, ಅದು ಜಾಗ ನೋಡದೆ ಹೇಳಲಾಗದು.

ಮುಂದಿನ ಸಲ ಮಲಗುವ ಮುಂಚೆ ಮೊದಲು ಸೌದೆ, ಕೆಂಡ ಎಲ್ಲ ಹರಡಿ. ನೀರು ಸುರಿಯಿರಿ, ಸುಮ್ನೆ ಚಿಮುಕಿಸಿದರೆ ಸಾಲದು, ಚುಂಯ್ ಅನ್ನೋ ಸದ್ದು ನಿಲ್ಲುವವರೆಗೂ ಸುರಿಯಬೇಕು. ಕೋಲಿನಿಂದ ಬೂದಿ ಕಲಸಿ, ದೊಡ್ಡ ಕೊಳ್ಳಿಗಳನ್ನು ಮಗುಚಿ, ಮತ್ತೆ ನೀರು. ಕೊನೆಗೆ ಬೂದಿಯ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ, ಶಾಖ ತಟ್ಟಿದರೆ ಇನ್ನೂ ಆರಿಲ್ಲ ಅಂತ. ಎರಡು ಬಕೆಟ್ ನೀರು ಪಕ್ಕದಲ್ಲಿ ಇಲ್ಲದಿದ್ದರೆ ಹಚ್ಚಲೇಬೇಡಿ.

ಇದೆಲ್ಲ ಹೋಮ್‌ಸ್ಟೇ ಅಂಗಳಕ್ಕೆ ಮಾತ್ರ. ನೀವು ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗ್ತೀರಿ ಅಂದಿದ್ದೀರಿ. ಆಗ ಹುಲ್ಲುಗಾವಲು ಪೂರ್ತಿ ಒಣಗಿರುತ್ತದೆ, ಕಾಡಿನೊಳಗೆ ಬೆಂಕಿ ಹಚ್ಚುವುದು ಅಪರಾಧ ಕೂಡ. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಕೆಳಗೇ ಬಿಡಿ. ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಬಿಸಿ ಸೈಲೆನ್ಸರ್ ತಗುಲಿದರೂ ಹುಲ್ಲು ಹೊತ್ತುತ್ತದೆ, ಇದನ್ನ ಜಾಸ್ತಿ ಜನ ಯೋಚಿಸುವುದೇ ಇಲ್ಲ. ಬೇಸಿಗೆಯಲ್ಲಿ ಕೆಲವು ಚಾರಣ ದಾರಿಗಳನ್ನು ಮುಚ್ಚಿರುತ್ತಾರೆ, ಹೊರಡುವ ಮುಂಚೆ ವಿಚಾರಿಸಿ. ಎಲ್ಲಾದರೂ ಹೊಗೆ ಕಂಡರೆ ನೀವೇ ಆರಿಸಲು ಇಳಿಜಾರು ಹತ್ತಬೇಡಿ, ಬೆಂಕಿ ಮೇಲಕ್ಕೇ ಬೇಗ ಓಡುತ್ತದೆ. ಬೆಂಕಿಯಿಂದ ದೂರ ಸರಿದು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.