ಬೀದರ್ ವಿಮಾನ ನಿಲ್ದಾಣದ ಮ್ಯಾನೇಜರ್ ಕೈಯಲ್ಲಿ ರನ್‌ವೇ ಏಕಿಲ್ಲ?

ಅದು ವಾಯುಪಡೆಯ ರನ್‌ವೇ, ಅದಕ್ಕೇ. ಬೀದರ್‌ನಿಂದ ಪ್ರಯಾಣಿಕರ ವಿಮಾನ ಶುರುವಾಗಿದ್ದು 2020ರ ಫೆಬ್ರವರಿಯಲ್ಲಿ. ವಾಯುಪಡೆಯ ನೆಲೆ ಅದಕ್ಕಿಂತ ಎಷ್ಟೋ ಹಳೆಯದು. ನಾವು ಟಿಕೆಟ್ ಹಿಡಿದು ಹೋಗುವ ಟರ್ಮಿನಲ್, ಆ ನೆಲೆಗೆ ಅಂಟಿಕೊಂಡಿರುವ ಚಿಕ್ಕ ಭಾಗ ಮಾತ್ರ.

ಒಂದು ರನ್‌ವೇ ಮೇಲೆ ಒಂದು ಹೊತ್ತಿಗೆ ಒಂದೇ ವಿಮಾನ ಇಳಿಯಬೇಕು ಅಥವಾ ಏರಬೇಕು. ಇಬ್ಬರು ಅಪ್ಪಣೆ ಕೊಟ್ಟರೆ ಅಪಾಯ ಅಲ್ವಾ? ಹಾಗಾಗಿ ಆ ಮಾತು ಒಬ್ಬರದೇ ಆಗಿರಬೇಕು. ಬೀದರ್‌ನಲ್ಲಿ ಅದು ವಾಯುಪಡೆಯ ಕಂಟ್ರೋಲ್ ಟವರ್‌ನದು. ಇಲ್ಲಿ ಹೊಸ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುತ್ತಾರೆ. ಇಳಿದ ಹಾಗೆ ಮಾಡಿ, ಚಕ್ರ ನೆಲಕ್ಕೆ ತಾಗುತ್ತಿದ್ದಂತೆ ಮತ್ತೆ ಏರಿ, ಒಂದು ಸುತ್ತು ಹಾಕಿ ಬರುವ ಅಭ್ಯಾಸವೂ ಅದರಲ್ಲಿ ಸೇರಿದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಇದೇ ಊರು. ಇಷ್ಟರ ನಡುವೆ ನಮ್ಮ ವಿಮಾನಕ್ಕೆ ಬಿಡುವು ಸಿಗಬೇಕು.

ಹಾಗಂತ ಮ್ಯಾನೇಜರ್ ಸುಮ್ನೆ ಕೂರುವವರಲ್ಲ. ಟರ್ಮಿನಲ್ ನಡೆಸುವುದು, ವಿಮಾನ ಸಂಸ್ಥೆಗೂ ವಾಯುಪಡೆಗೂ ನಡುವೆ ವೇಳೆ ಹೊಂದಿಸುವುದು, ವಿಮಾನ ತಡವಾದಾಗ ಜನರಿಗೆ ಉತ್ತರ ಕೊಡುವುದು ಅವರ ಪಾಲು. ನನ್ನ ಪ್ರಕಾರ ಈ ವೇಳೆ ಹೊಂದಿಸುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಕಲಬುರಗಿಯಲ್ಲಿ ಹೀಗಿಲ್ಲ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಆ ನಿಲ್ದಾಣವನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೇ ನಡೆಸುತ್ತದೆ. ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ ಕೂಡ ಅವರ ಸುಪರ್ದಿಯಲ್ಲೇ ಇದೆ.