ಅಪ್ಪನ ನೆನಪಿಗೆ ಬ್ಯಾಕಪ್ ಇದೆಯೇ?

ಪ್ರಶ್ನೆ: ನನ್ನ ತಂದೆಗೆ 75 ವರ್ಷ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯೊಂದರಲ್ಲಿ ಹುಟ್ಟಿ, ಹುಡುಗರಾಗಿದ್ದಾಗಲೇ ಮನೆ, ತೋಟ ಬಿಟ್ಟು ಸಾಗರ ಪಟ್ಟಣದ ಕಡೆಗೆ ಬಂದವರು. ಆ ಊರಿನ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಈಚೆಗೆ ಅವರಿಗೆ ಮರೆವು ಶುರುವಾಗಿದೆ. ಹಳೆಯದನ್ನು ಚೆನ್ನಾಗಿಯೇ ಹೇಳುತ್ತಾರೆ, ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ. ಮೆದುಳಿನಲ್ಲಿರುವ ನೆನಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಂಶೋಧನೆ ನಡೆಯುತ್ತಿದೆ ಎಂದು ಓದಿದ್ದೇನೆ. ಅದು ನಮ್ಮ ಕಾಲಕ್ಕೆ ಸಿಗುತ್ತದೆಯೇ? ಅಲ್ಲಿಯವರೆಗೆ ಏನು ಮಾಡಬಹುದು?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ತಂದೆಯವರ ಕಾಲಕ್ಕೆ ಅದು ಸಿಗುವುದಿಲ್ಲ. ಅದಕ್ಕಾಗಿ ಕಾಯುತ್ತ ಕುಳಿತರೆ ಈಗ ಕೈಯಲ್ಲಿರುವುದನ್ನೂ ಕಳೆದುಕೊಳ್ಳುತ್ತೀರಿ. ಎಲ್ಲಕ್ಕಿಂತ ಮೊದಲು ಅವರನ್ನು ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಇಂಥವನ್ನು ಬೇಗ ಗುರುತಿಸಿದರೆ ಚಿಕಿತ್ಸೆ ಸಾಧ್ಯ. 'ವಯಸ್ಸಾಯಿತು' ಎಂದು ಸುಮ್ಮನಿರಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೆನಪು ಮೆದುಳಿನ ಒಂದು ಜಾಗದಲ್ಲಿ ಫೈಲಿನಂತೆ ಕುಳಿತಿರುವುದಿಲ್ಲ; ನರಕೋಶಗಳ ನಡುವಿನ ಅಸಂಖ್ಯಾತ ಸಂಪರ್ಕಗಳ ಬಲಾಬಲದಲ್ಲಿ ಅದು ಹಂಚಿಹೋಗಿರುತ್ತದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಅಪಸ್ಮಾರದ ರೋಗಿಗೆ ಶಸ್ತ್ರಚಿಕಿತ್ಸೆ ಮಾಡಿ, ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗದ ಬಹುಪಾಲನ್ನು ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲೇ ಇಲ್ಲ, ಆದರೆ ಬಾಲ್ಯದ ಬಹಳಷ್ಟು ಸಂಗತಿಗಳು ಹಾಗೆಯೇ ಇದ್ದವು. ನಿಮ್ಮ ತಂದೆಗೆ ತಿಂಡಿ ಮರೆತು ಹಳೆಯ ಮನೆ ನೆನಪಿರುವುದಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ: ಹೊಸದನ್ನು ಕಟ್ಟಿಕೊಳ್ಳುವ ವ್ಯವಸ್ಥೆ ಮೊದಲು ಸೋಲುತ್ತದೆ, ಹಳೆಯದು ಸ್ವಲ್ಪ ಕಾಲ ತಾಳಿಕೊಳ್ಳುತ್ತದೆ. ನಿಮಗಿರುವ ಅವಕಾಶ ಆ ಸ್ವಲ್ಪ ಕಾಲವೇ.

ಈ ಸಂಪರ್ಕಗಳನ್ನೆಲ್ಲ ನಕಲು ಮಾಡಿಕೊಳ್ಳಬಾರದೇ ಎಂದು ನೀವು ಕೇಳಬಹುದು. 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್ ವಿಜ್ಞಾನಿಗಳು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮನುಷ್ಯನ ಮೆದುಳಿನ ತುಣುಕೊಂದರ ನಕ್ಷೆಯನ್ನು ಪ್ರಕಟಿಸಿದರು. ಸುಮಾರು ಒಂದು ಘನ ಮಿಲಿಮೀಟರಿನಷ್ಟಿದ್ದ ಆ ತುಣುಕಿನ ಚಿತ್ರಗಳಿಗೇ 1,400 ಟೆರಾಬೈಟ್ ಜಾಗ ಬೇಕಾಯಿತು. ಅಷ್ಟಾದರೂ ಅದು ರಚನೆಯ ನಕ್ಷೆ ಮಾತ್ರ, ಅದನ್ನು ನೋಡಿ ಆ ವ್ಯಕ್ತಿಯ ಒಂದು ನೆನಪನ್ನೂ ಓದಲು ಬರುವುದಿಲ್ಲ. 2012ರಲ್ಲಿ ಅಮೆರಿಕದ ಎಂಐಟಿಯ ಸುಸುಮು ತೊನೆಗಾವಾ ಅವರ ಪ್ರಯೋಗಾಲಯ ಇಲಿಯ ಮೆದುಳಿನ ಆಯ್ದ ಕೋಶಗಳಿಗೆ ಬೆಳಕು ಹಾಯಿಸಿ ಭಯದ ನೆನಪೊಂದನ್ನು ಎಬ್ಬಿಸಿತು. ಅದ್ಭುತ ಕೆಲಸ, ಸಂದೇಹವಿಲ್ಲ. ಆದರೆ ಮೊದಲೇ ಗುರುತು ಹಾಕಿಟ್ಟ ನೆನಪನ್ನು ಎಬ್ಬಿಸುವುದು ಬೇರೆ, ಅರವತ್ತು ವರ್ಷದ ಹಿಂದಿನ ನೆನಪನ್ನು ಹೊರತೆಗೆದು ಇನ್ನೊಂದು ಕಡೆ ಇಡುವುದು ಬೇರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವ ಮೆದುಳು ಬ್ಯಾಂಕಿನ ಬಗ್ಗೆಯೂ ಕೆಲವರು ಹೀಗೆಯೇ ಕೇಳುತ್ತಾರೆ. ಅಲ್ಲಿ ಸಂಶೋಧನೆಗಾಗಿ ಇಡುವುದು ಅಂಗಾಂಶವನ್ನು, ನೆನಪನ್ನಲ್ಲ.

ಹಾಗಾದರೆ ಉಳಿಸಿಕೊಳ್ಳಬಹುದಾದದ್ದು ಯಾವುದು? ಅವರು ಹೇಳುವ ಮಾತು, ಆ ಮಾತಿನ ಧ್ವನಿ, ಮತ್ತು ನೆನಪನ್ನು ಎಬ್ಬಿಸುವ ಸುಳಿವುಗಳು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೆದುಳಿನ ಉರಿಯೂತದಿಂದ ನೆನಪಿನ ಶಕ್ತಿ ತೀವ್ರವಾಗಿ ಕುಂದಿದ್ದ ಮಹಿಳೆಯೊಬ್ಬರ ಕೊರಳಿಗೆ, ತಾನಾಗಿಯೇ ಚಿತ್ರ ತೆಗೆಯುವ ಸೆನ್ಸ್‌ಕ್ಯಾಮ್ ಎಂಬ ಪುಟ್ಟ ಕ್ಯಾಮೆರಾ ಹಾಕಿದ್ದರು. ಆ ಚಿತ್ರಗಳನ್ನು ಪತಿಯ ಜೊತೆ ಕುಳಿತು ಮತ್ತೆ ಮತ್ತೆ ನೋಡಿದ ಘಟನೆಗಳನ್ನು ಅವರು ತಿಂಗಳುಗಳ ನಂತರವೂ ಹೇಳಬಲ್ಲವರಾದರು. ಬರೆದಿಟ್ಟ ದಿನಚರಿಯನ್ನು ಓದಿದಾಗ ಅಷ್ಟು ಫಲ ಸಿಕ್ಕಿರಲಿಲ್ಲ. ತೆಗೆದ ಚಿತ್ರವನ್ನು ಇಬ್ಬರೂ ಕುಳಿತು ನೋಡಿ ಮಾತನಾಡಿದ್ದರಿಂದ ಇದು ಸಾಧ್ಯವಾಯಿತು ಎಂದು ನನಗನಿಸುತ್ತದೆ.

ನಿಮ್ಮಲ್ಲಿ ಫೋಟೊ ಇಲ್ಲದಿರುವುದರಿಂದ ನಕ್ಷೆಯಿಂದ ಆರಂಭಿಸಿ. ಬೆಳಗಿನ ಹೊತ್ತು, ಅವರು ಆಯಾಸವಿಲ್ಲದೆ ಇರುವಾಗ, ಒಂದು ದೊಡ್ಡ ಹಾಳೆ ಮತ್ತು ಪೆನ್ಸಿಲ್ ಕೊಟ್ಟು ಹಳೆಯ ಮನೆಯನ್ನು ಬರೆಯಲು ಹೇಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅವರ ಹತ್ತಿರವಿಟ್ಟು, ಫ್ಯಾನ್ ಆರಿಸಿ, ದಿನಾಂಕ ಮತ್ತು ಹೆಸರು ಹೇಳಿ ರೆಕಾರ್ಡಿಂಗ್ ಶುರುಮಾಡಿ. 'ನಿಮ್ಮ ಬಾಲ್ಯದ ಬಗ್ಗೆ ಹೇಳಿ' ಎಂದರೆ ಅವರಿಗೆ ಎಲ್ಲಿಂದ ಹೇಳಬೇಕೆಂದೇ ತೋಚುವುದಿಲ್ಲ. 'ಜಗಲಿಯಿಂದ ಇಳಿದರೆ ಎದುರಿಗೆ ಏನಿತ್ತು ಅಪ್ಪಾ? ಕೊಟ್ಟಿಗೆ ಯಾವ ಕಡೆ? ತೋಟಕ್ಕೆ ನೀರು ಎಲ್ಲಿಂದ ಬರುತ್ತಿತ್ತು?' ಎಂದು ಕೇಳಿ. ಪೆನ್ಸಿಲ್ ಕೊಟ್ಟಿಗೆಯ ಹತ್ತಿರ ಹೋದಾಗ ದನಗಳ ಹೆಸರು ಬರುತ್ತದೆ, ನೀರಿನ ದಾರಿ ಬರೆಯುವಾಗ ಪಕ್ಕದ ಮನೆಯವರು ಬರುತ್ತಾರೆ. ಅರ್ಧ ಗಂಟೆಗೆ ನಿಲ್ಲಿಸಿ, ಇನ್ನೊಂದು ದಿನ ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಮುಂದುವರಿಸಿ. ಬೇಸಿಗೆಯಲ್ಲಿ ಹಿನ್ನೀರು ತುಂಬ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ನೀರಿನಿಂದ ಮೇಲೆದ್ದು ಕಾಣುತ್ತದೆ. ಅವರ ಆರೋಗ್ಯ ಒಪ್ಪುವುದಾದರೆ ಆ ಕಡೆಗೊಮ್ಮೆ ಕರೆದುಕೊಂಡು ಹೋಗಿ, ಏಕೆಂದರೆ ಜಾಗವೂ ನೆನಪಿಗೆ ಬಲವಾದ ಸುಳಿವು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಬೇಡಿ. 'ಬಾವಿ ಬಲಗಡೆ ಇತ್ತಲ್ಲವೇ?' ಎಂದು ಕೇಳಬೇಡಿ, 'ಬಾವಿ ಎಲ್ಲಿತ್ತು?' ಎಂದು ಕೇಳಿ. ಪ್ರಶ್ನೆಯಲ್ಲಿನ ಒಂದು ಪದ ಬದಲಾದರೂ ಸಾಕ್ಷಿಗಳ ನೆನಪು ಬದಲಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1974ರಲ್ಲೇ ತೋರಿಸಿದ್ದಾರೆ. ಪ್ರತಿ ಸಲ ನೆನಪಿಸಿಕೊಂಡಾಗಲೂ ನೆನಪು ಸ್ವಲ್ಪ ಸಡಿಲಗೊಂಡು ಮತ್ತೆ ಗಟ್ಟಿಯಾಗಬಹುದು. ಆ ನಡುವೆ ಹೊರಗಿನದು ಸೇರಿಕೊಳ್ಳುವ ಸಾಧ್ಯತೆಯೂ ಇದೆ. ಆದ್ದರಿಂದ ಅತ್ತೆ, ಚಿಕ್ಕಪ್ಪ ಇದ್ದರೆ ಅವರ ಮಾತನ್ನು ಮೊದಲು ಬೇರೆಯಾಗಿಯೇ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಹೇಳಿಕೆಗಳು ಹೊಂದದಿದ್ದರೆ ತಿದ್ದದೆ ಎರಡನ್ನೂ ಇಟ್ಟುಕೊಳ್ಳಿ. ತಂದೆಯವರ ಧ್ವನಿಯನ್ನು ಅನುಕರಿಸಿ ಹೊಸ ಮಾತು ಹುಟ್ಟಿಸುವ ಎಐ ಸೇವೆಗಳು ಈಗ ಸಿಗುತ್ತವೆ. ಅವು ಕೊಡುವುದು ಅವರು ಹೇಳಬಹುದಾಗಿದ್ದ ಮಾತನ್ನೇ ಹೊರತು ಅವರಿಗೆ ನೆನಪಿದ್ದದ್ದನ್ನಲ್ಲ. ಅಂಥ ಧ್ವನಿಯನ್ನು ಮೂಲ ರೆಕಾರ್ಡಿಂಗ್ ಜೊತೆ ಎಂದೂ ಬೆರೆಸಬೇಡಿ.

ಫೈಲುಗಳ ವಿಷಯಕ್ಕೆ ಬಂದರೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ವಿಡಿಯೊ ಕುಗ್ಗಿರುತ್ತದೆ, ಅದನ್ನೇ ಮೂಲ ಪ್ರತಿಯೆಂದು ಇಟ್ಟುಕೊಳ್ಳಬೇಡಿ. ಮೂರು ಪ್ರತಿ ಇರಲಿ, ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ಹಾರ್ಡ್ ಡಿಸ್ಕ್ ಬೀರುವಿನಲ್ಲಿದ್ದರೂ ಕೆಡುತ್ತದೆ, ವರ್ಷಕ್ಕೊಮ್ಮೆ ತೆರೆದು ನೋಡಿ. ಬರೆದ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಮೂಲ ಹಾಳೆಯನ್ನೂ ಜೋಪಾನ ಮಾಡಿ.

ಇವೆಲ್ಲಕ್ಕೂ ಮೊದಲು ತಂದೆಯವರ ಒಪ್ಪಿಗೆ ಬೇಕು, ಅದನ್ನು ಅವರಿಗೆ ವಿಷಯ ಚೆನ್ನಾಗಿ ಅರ್ಥವಾಗುತ್ತಿರುವಾಗಲೇ ಪಡೆಯಬೇಕು. ಊರು ಬಿಟ್ಟುಬಂದವರ ಕಥೆಯಲ್ಲಿ ಪರಿಹಾರ, ಪಾಲು, ಜಗಳಗಳೂ ಇರುತ್ತವೆ. ಯಾವ ಭಾಗವನ್ನು ಯಾರು ಕೇಳಬಹುದು, ಯಾವುದು ಮನೆಯೊಳಗೇ ಇರಬೇಕು ಎಂಬುದನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಳ್ಳಿ. ಬೇಡ ಎಂದದ್ದನ್ನು ಅವರ ಎದುರಿಗೇ ಅಳಿಸಿಬಿಡಿ.