ಸ್ಪೋರ್ಟ್ಸ್ ಕಾರಿಗೆ ಮೈಲೇಜ್ ಬರುತ್ತದಾ?

ಪ್ರಶ್ನೆ: ನನ್ನದು ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಟಾಪ್ ಮಡಚಬಹುದು, ಮ್ಯಾನ್ಯುವಲ್ ಗೇರ್. ಓಡಿಸುವ ಖುಷಿ ಬಿಡದೆ ಪೆಟ್ರೋಲ್ ಉಳಿಸಬಹುದಾ?

ಉತ್ತರ: ಖಂಡಿತ ಉಳಿಸಬಹುದು. ಇಂಥ ಕಾರುಗಳು ಹಗುರ, ಮಜ್ದಾ ಎಂಎಕ್ಸ್-5 ತೂಕ 1,000 ಕೆಜಿ ಆಸುಪಾಸು ಅಷ್ಟೇ. ಅದೇ ದೊಡ್ಡ ಅನುಕೂಲ. ಮುಂದೆ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಆದರೆ ನ್ಯೂಟ್ರಲ್‌ಗೆ ಮಾತ್ರ ಹಾಕಬೇಡಿ. ಗೇರ್‌ನಲ್ಲೇ ಉರುಳುತ್ತಿದ್ದರೆ ಇಂಜೆಕ್ಷನ್ ಎಂಜಿನ್ (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಸಿಂಪಡಿಸುವಂಥದ್ದು) ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಐಡ್ಲಿಂಗ್ (ಕಾರು ನಿಂತಿದ್ದಾಗ ಎಂಜಿನ್ ಸುಮ್ಮನೆ ಓಡುವ ವೇಗ) ಹತ್ತಿರ ಇಳಿಯುವ ತನಕ ಒಂದು ಹನಿಯೂ ಹೋಗಲ್ಲ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಸುಮ್ನೆ ಕುಡಿಯುತ್ತಲೇ ಇರುತ್ತದೆ. ಇದನ್ನು ಎಷ್ಟೋ ಜನ ಉಲ್ಟಾ ತಿಳಿದಿದ್ದಾರೆ!

ಹೆದ್ದಾರಿಯಲ್ಲಿ ಪೆಟ್ರೋಲ್ ತಿನ್ನುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಟಾಪ್ ತೆರೆದರೆ ಇನ್ನೂ ಜಾಸ್ತಿ, ಹಾಗಾಗಿ ಆ ಸುಖವನ್ನು ನಿಧಾನದ ರಸ್ತೆಗಳಿಗೆ ಇಟ್ಟುಕೊಳ್ಳಿ. ಟೈರ್ ಗಾಳಿ ಕಂಪನಿ ಹೇಳಿದಷ್ಟು ಇರಲಿ. ಖುಷಿ ಎಲ್ಲಿ ಅಂತೀರಾ? ತಿರುವನ್ನು ದೂರದಿಂದಲೇ ಅಂದಾಜು ಮಾಡಿ, ಮೊದಲೇ ಕಾಲೆತ್ತಿ, ಬ್ರೇಕ್ ಮುಟ್ಟದೆ ಸರಾಗವಾಗಿ ದಾಟಿ ನೋಡಿ. ಹಗುರ ಕಾರಿನಲ್ಲಿ ಇದಕ್ಕಿಂತ ಮಜಾ ಬೇರೆ ಇಲ್ಲ, ನನಗಂತೂ.